ಒತ್ತು ಬೀಳುವ ಜಾಗ

ದಾವಣಗೆರೆ ಕೋರ್ಟಿನ ಎದುರಿನ ರಸ್ತೆಯಲ್ಲಿ ಟೈಪಿಂಗ್ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಅವುಗಳಲ್ಲೊಂದು ಕೃತಿಕಾಳದು. ಕಂಪ್ಯೂಟರು, ಪ್ರಿಂಟರು, ಝೆರಾಕ್ಸ್ ಯಂತ್ರ, ಕಾಯುವವರಿಗೊಂದು ಬೆಂಚು, ಇಷ್ಟನ್ನು ಹೇಗೋ ಹಿಡಿಸಿಕೊಂಡಿರುವ ಜಾಗ. ವಕೀಲರು ಬಾಗಿಲಲ್ಲಿ ನಿಂತು ಹೇಳುತ್ತ ಹೋದರೆ ಅವಳು ಕನ್ನಡದಲ್ಲಿ ಟೈಪ್ ಮಾಡುತ್ತ ಹೋಗುತ್ತಾಳೆ. ಅವರ ವಾಕ್ಯ ಮುಗಿಯುವ ಹೊತ್ತಿಗೆ ಇವಳದೂ ಮುಗಿದಿರುತ್ತದೆ. ಅಫಿಡವಿಟ್ಟು, ತಕರಾರು ಅರ್ಜಿ, ಪಾಲುಪಟ್ಟಿ ಯಾವುದಾದರೂ ಸರಿ. ಇಂಗ್ಲಿಷಿನ ಕಾಗದ ಬಂದರೆ ಮಾತ್ರ ತಲೆ ಎತ್ತದೆ ಪಕ್ಕದ ಅಂಗಡಿಯ ಕಡೆ ಕೈ ತೋರಿಸುತ್ತಾಳೆ.

ಅವಳು ಯಾರ ಮಗಳೆಂದು ಗೊತ್ತಿದ್ದವರಿಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು. ವಾಮದೇವಪ್ಪ ಮೇಷ್ಟ್ರ ಮಗಳಾಗಿ ಇಂಗ್ಲಿಷ್ ಬೇಡ ಅಂತೀರಲ್ಲ ಎಂದು ಎಷ್ಟೋ ಜನ ಕೇಳಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನ ಮೇಷ್ಟ್ರ ಕೈಯಲ್ಲಿ ಕಲಿತವರೇ. ಕೃತಿಕಾ ನಕ್ಕು, ಕೈತುಂಬ ಕೆಲಸವಿದೆ ಎನ್ನುತ್ತಿದ್ದಳು. ಮೂವತ್ತಾರು ದಾಟಿದ, ಮದುವೆಯಾಗದ ಹೆಂಗಸು. ಜನ ಅವಳನ್ನು ಕೇಳಬಹುದಾದ ಪ್ರಶ್ನೆಗಳು ಬೇಕಾದಷ್ಟಿದ್ದವು. ಅವಳಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದ್ದುದು ಇದೊಂದು ಪ್ರಶ್ನೆ.

ವಾಮದೇವಪ್ಪನವರು ಹರಿಹರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. ಇಸ್ತ್ರಿ ಮಾಡಿದ ಅಂಗಿ, ಚರ್ಮದ ಚೀಲ, ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ಶಾಲೆಗೆ ಬರುತ್ತಿದ್ದವರು ಕಾರ್ಖಾನೆ ಕೆಲಸಗಾರರ ಮಕ್ಕಳು, ಹೊಳೆಯಾಚೆಯ ಹಳ್ಳಿಗಳ ಮಕ್ಕಳು. ಉದ್ದನೆಯ ಇಂಗ್ಲಿಷ್ ಪದ ಕಂಡರೆ ಬೆಂಚಿನ ಕೆಳಗೆ ಅವಿತುಕೊಳ್ಳುವಂಥವರು. ಅಂಥವರಿಗೆ ಅವರು ಪದವನ್ನು ಒಡೆದು ತೋರಿಸುತ್ತಿದ್ದರು. ಒಂದು ಪದವನ್ನು ನಾಲಿಗೆ ಒಂದು ಥರ ಒಡೆಯುತ್ತದೆ, ಅರ್ಥ ಇನ್ನೊಂದು ಥರ ಒಡೆಯುತ್ತದೆ ಎನ್ನುತ್ತಿದ್ದರು. ಬೋರ್ಡಿನ ಮೇಲೆ 'ಅನ್‌ಹ್ಯಾಪಿನೆಸ್' ಎಂದು ಬರೆಯುತ್ತಿದ್ದರು. ನಾಲಿಗೆಗೆ ಅದು ಅನ್, ಹ್ಯಾ, ಪಿ, ನೆಸ್ ಎಂದು ನಾಲ್ಕು ತುಂಡು. ಅರ್ಥಕ್ಕೆ ಮೂರೇ: 'ಹ್ಯಾಪಿ' ಎಂದರೆ ಸಂತೋಷ, ಮುಂದೆ ಅದನ್ನು ಅಲ್ಲಗಳೆಯುವ ಒಂದು ತುಂಡು, ಹಿಂದೆ ಅದನ್ನು ಹೆಸರಾಗಿಸುವ ಇನ್ನೊಂದು ತುಂಡು. ಇಷ್ಟು ಗೊತ್ತಾದರೆ ಡಿಕ್ಷನರಿಯಲ್ಲಿ ಅರ್ಧ ಪದಗಳು ನಿಮ್ಮವಾದವು ಎನ್ನುತ್ತಿದ್ದರು.

ಆಮೇಲೆ ಒತ್ತು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಸಮಪಾಲು, ಇಂಗ್ಲಿಷಿನಲ್ಲಿ ಹಾಗಲ್ಲ, ಅಲ್ಲಿ ಒಂದು ತುಂಡು ಯಜಮಾನ, ಉಳಿದವು ಆಳು ಎಂದು ಅವರ ವಿವರಣೆ. ಆಳು ತುಂಡುಗಳಿಗೆ ಬೆರಳ ತುದಿಯಿಂದ ಮೇಜನ್ನು ಮೆಲ್ಲಗೆ ತಟ್ಟುತ್ತಿದ್ದರು. ಯಜಮಾನ ತುಂಡಿಗೆ ಬೆರಳ ಗೆಣ್ಣಿನಿಂದ ಟಕ್ಕೆಂದು ಬಡಿಯುತ್ತಿದ್ದರು. ಎಜುಕೇಷನ್, ಆಪರೇಷನ್, ಎಕ್ಸಾಮಿನೇಷನ್, ಹೀಗೆ 'ಷನ್' ಎಂದು ಮುಗಿಯುವ ಪದಗಳಲ್ಲಿ ಗೆಣ್ಣು ಬೀಳುವುದು ಅದಕ್ಕೆ ಮುಂಚಿನ ತುಂಡಿನ ಮೇಲೆ. ಫೋಟೊಗ್ರಾಫ್ ಎನ್ನುವಾಗ ಮೊದಲ ತುಂಡಿಗೆ ಬೀಳುವ ಒತ್ತು ಫೊಟಾಗ್ರಫರ್ ಎನ್ನುವಾಗ ಎರಡನೆಯದಕ್ಕೆ ಜಾರುತ್ತದೆ, ಫೋಟೊಗ್ರಾಫಿಕ್ ಎನ್ನುವಾಗ ಇನ್ನೂ ಮುಂದೆ ಹೋಗುತ್ತದೆ. ಇಡೀ ಕ್ಲಾಸು ಒಟ್ಟಿಗೆ ಬೆಂಚು ಬಡಿಯುವ ಸದ್ದು ರಸ್ತೆಗೆ ಕೇಳುತ್ತಿತ್ತಂತೆ. ಆ ಮಕ್ಕಳು ಅವರನ್ನು ಇವತ್ತಿಗೂ ನೆನೆಯುತ್ತಾರೆ. ಅದು ಸುಳ್ಳಲ್ಲ. ಅವರು ನಿಜವಾಗಿಯೂ ಒಳ್ಳೆಯ ಮೇಷ್ಟ್ರು. ತಪ್ಪು ಹೇಳಿದ ಹುಡುಗನ ಬೆನ್ನು ತಟ್ಟಿ, ಪರವಾಗಿಲ್ಲ, ಇನ್ನೊಮ್ಮೆ ಹೇಳು ಎನ್ನುತ್ತಿದ್ದರು. ಶಾಲೆಯಲ್ಲಿ ಅವರ ಗೆಣ್ಣು ಮೇಜಿನ ಮೇಲೆ ಬೀಳುತ್ತಿತ್ತು. ಮನೆಯಲ್ಲಿ ಮಗಳ ತಲೆಯ ಮೇಲೆ ಬೀಳುತ್ತಿತ್ತು.

ಅವರ ಹುಟ್ಟೂರು ಆನಗೋಡು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ದಾವಣಗೆರೆಗೆ ಕಾಲೇಜಿಗೆ ಬಂದ ಮೊದಲ ತಿಂಗಳಲ್ಲೇ ಲೆಕ್ಚರರು ಅವರನ್ನು ಎಬ್ಬಿಸಿ ಪಾಠ ಓದಿಸಿದರಂತೆ. 'ಫೋಟೋ' ಮತ್ತು 'ಗ್ರಾಫರ್' ಎರಡು ಬೇರೆ ಪದಗಳೆಂಬಂತೆ ಓದಿದ್ದಕ್ಕೆ ಕ್ಲಾಸು ನಕ್ಕಿತು. ಆ ವರ್ಷವೆಲ್ಲ ಅವರ ಹೆಸರು ಫೋಟೋಗ್ರಾಫರ್ ಎಂದೇ ಆಯಿತು. ರೇಡಿಯೋ ಮುಂದೆ ಕೂತು, ಒತ್ತಿನ ಗುರುತು ಹಾಕಿದ ಡಿಕ್ಷನರಿ ಇಟ್ಟುಕೊಂಡು ಅವರು ಹಟ ಹಿಡಿದು ಕಲಿತರು. ಈ ಕತೆಯನ್ನು ಮನೆಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಅವಮಾನವಾದರೇನೇ ಮನುಷ್ಯ ಕಲಿಯುವುದು ಎಂಬುದು ಅವರು ಅದರಿಂದ ತೆಗೆದುಕೊಂಡ ಪಾಠ.

ಮಗ ನಾಗಭೂಷಣ್ ಚುರುಕು. ಅಪ್ಪ ಹೇಳಿದ್ದನ್ನು ಗಿಳಿಯಂತೆ ಒಪ್ಪಿಸಿ ಆಟಕ್ಕೆ ಓಡಿಹೋಗುತ್ತಿದ್ದ. ಕೃತಿಕಾ ಅವನಿಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳಿಗೆ ಹೇಳುವ ಮುಂಚೆ ಯೋಚಿಸುವ ಸ್ವಭಾವ. ಊಟಕ್ಕೆ ಕೂತಾಗ ವಾಮದೇವಪ್ಪನವರು ಒಂದು ಪದ ಕೊಡುತ್ತಿದ್ದರು. 'ಕಂಫರ್ಟಬಲ್' ಅನ್ನು ಅವಳು ಬರೆದಿರುವಂತೆಯೇ ನಾಲ್ಕು ತುಂಡು ಮಾಡಿ, ಮೂರನೆಯದಕ್ಕೆ ಒತ್ತು ಕೊಡುತ್ತಿದ್ದಳು. ಬಾಯಲ್ಲಿ ಅದು ಮೂರೇ ತುಂಡು, ಒತ್ತು ಮೊದಲನೆಯದಕ್ಕೆ ಎಂದು ತಲೆಗೊಂದು ಮೊಟಕು. ಸರಿಯಾಗಿ ಹೇಳುವ ತನಕ ಅನ್ನಕ್ಕೆ ಸಾರು ಬೀಳುತ್ತಿರಲಿಲ್ಲ. ತಾಯಿ ಶಕುಂತಲಮ್ಮ ಸೌಟು ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದರು. ಸಾರು ಆರುತ್ತಿತ್ತು.

ಒಮ್ಮೆ ಅರ್ಥದ ತುಂಡುಗಳ ಪಾಠ ನಡೆದಿತ್ತು. 'ಟೀಚ್' ಎಂದರೆ ಕಲಿಸು, ಅದಕ್ಕೆ 'ಅರ್' ಸೇರಿದರೆ ಕಲಿಸುವವನು, 'ಡ್ರೈವ್' ಮಾಡುವವನು ಡ್ರೈವರ್ ಎಂದು ಅವರು ವಿವರಿಸಿದರು. ಹಾಗಾದರೆ ಫಾದರ್ ಎಂದರೆ ಏನು ಮಾಡುವವನು ಎಂದು ಕೃತಿಕಾ ಕೇಳಿದಳು. ಅವಳಿಗಾಗ ಎಂಟು ವರ್ಷ, ಕೇಳಿದ್ದು ತಮಾಷೆಗಲ್ಲ. ಆ ಪದ ಹಾಗೆ ಒಡೆಯುವುದಿಲ್ಲ, ಅದು ಇಡಿಯಾಗಿ ಒಂದೇ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅವರು ಅದನ್ನು ಅಧಿಕಪ್ರಸಂಗವೆಂದುಕೊಂಡು ಅವಳನ್ನು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿದರು. ಆಮೇಲೆ ಅವಳು ಪ್ರಶ್ನೆ ಕೇಳುವುದನ್ನು ಬಿಟ್ಟಳು.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಹರಿಹರದಲ್ಲಿ ಶಾಲೆಗಳ ನಡುವೆ ಭಾಷಣ ಸ್ಪರ್ಧೆ ನಡೆಯಿತು. ಕೃತಿಕಾ ದಾವಣಗೆರೆಯ ತನ್ನ ಶಾಲೆಯಿಂದ ಹೋಗಿದ್ದಳು. ತೀರ್ಪುಗಾರರ ಸಾಲಿನಲ್ಲಿ ಅಪ್ಪನೂ ಇದ್ದರು. ಅವಳ ಸರದಿಗೆ ತಾವು ಅಂಕ ಕೊಡುವುದಿಲ್ಲವೆಂದು ಮೊದಲೇ ಹೇಳಿ ಪೆನ್ನು ಕೆಳಗಿಟ್ಟರು. ವಿಷಯ ಪ್ರಜಾಪ್ರಭುತ್ವ. ಅವಳು 'ಡೆಮಾಕ್ರಸಿ' ಎಂದಾಗ ಮೊದಲ ತುಂಡಿಗೆ ಒತ್ತು ಬಿತ್ತು. ಅದು ಬೀಳಬೇಕಾದದ್ದು ಎರಡನೆಯದಕ್ಕೆ. ಅಪ್ಪನ ಗೆಣ್ಣು ಮೇಜಿನ ಮೇಲೆ ಟಕ್ಕೆಂದಿತು. ಅವಳು ನಿಂತು ಇನ್ನೊಮ್ಮೆ ಹೇಳಿದಳು. ಮತ್ತೆ ಟಕ್. ಸಭೆಯಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಮೂರನೆಯ ಸಲ ಅವಳ ಬಾಯಿ ತೆರೆಯಿತು, ಸ್ವರ ಬರಲಿಲ್ಲ. ಮೈಕು ಬಿಟ್ಟು ಇಳಿದು ಬಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಹೇಳಿದ್ದು ಒಂದೇ ಮಾತು.

"ಬೇರೆಯವರ ಮಗಳಾಗಿದ್ರೆ ಬಿಟ್ಟುಬಿಡ್ತಿದ್ದೆ."

ಅವರ ಮಟ್ಟಿಗೆ ಅದು ಪ್ರೀತಿಯ ಮಾತು. ಕೃತಿಕಾ ಕಿಟಕಿಯ ಕಡೆ ತಿರುಗಿ, ಬೇರೆಯವರ ಮಗಳಾಗಿದ್ದಿದ್ದರೆ ಹೇಗಿರುತ್ತಿತ್ತೆಂದು ಊರು ಬರುವ ತನಕ ಯೋಚಿಸುತ್ತಿದ್ದಳು.

ಅವಳು ಮತ್ತೆ ಯಾವತ್ತೂ ನಾಲ್ಕು ಜನರ ಮುಂದೆ ಇಂಗ್ಲಿಷ್ ಮಾತಾಡಲಿಲ್ಲ. ಎಸ್ಸೆಸ್ಸೆಲ್ಸಿಯನ್ನು ಹೇಗೋ ದಾಟಿದಳು. ಪಿಯುಸಿಯ ಇಂಗ್ಲಿಷ್ ಪರೀಕ್ಷೆಯ ದಿನ ರಿಜಿಸ್ಟರ್ ನಂಬರು ಬರೆದು, ಉತ್ತರ ಪತ್ರಿಕೆಯನ್ನು ಖಾಲಿ ಕೊಟ್ಟು ಬಂದಳು. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಫಲಿತಾಂಶ ಬಂದ ದಿನದಿಂದ ಅಪ್ಪ ಅವಳೊಂದಿಗೆ ಮಾತು ಬಿಟ್ಟರು. ಬೇಕಾದದ್ದನ್ನು ಹೆಂಡತಿಯ ಮೂಲಕ ಹೇಳಿಸುತ್ತಿದ್ದರು. ಆ ಮೌನ ಅವಳಿಗೆ ಹಿತವಾಗಿಯೇ ಇತ್ತು. ಮುಂದೆ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿ, ಅಂಚೆ ಮೂಲಕ ಬಿ.ಎ. ಮುಗಿಸಿ, ಟೈಪಿಂಗ್ ಕಲಿತು ಕೋರ್ಟಿನ ಎದುರು ಕೂತಳು. ಎರಡು ಕಡೆ ಮದುವೆಯ ಮಾತು ನಡೆದು ನಿಂತಿತು. ಮೂರನೆಯದನ್ನು ಅವಳೇ ಬೇಡವೆಂದಳು. ಮನೆಗೆ ಬಂದವರು ಮಗಳು ಏನು ಮಾಡುತ್ತಾಳೆಂದು ಕೇಳಿದರೆ ವಾಮದೇವಪ್ಪನವರು, ಜನರ ದೂರು ಟೈಪ್ ಮಾಡುತ್ತಾಳೆ ಎಂದು ಹೇಳಿ ಪೇಪರು ಬಿಡಿಸುತ್ತಿದ್ದರು.

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ಮರುವಾರ, ವಾಮದೇವಪ್ಪನವರು ಬಚ್ಚಲಲ್ಲಿ ಬಿದ್ದರು. ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿತು. ಮಾತು ಪೂರ್ತಿ ನಿಂತುಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಬಾಯಿಂದ ಹೊರಡುತ್ತಿದ್ದುದು ಒಂದು ಎಳೆದ 'ಆ' ಮಾತ್ರ. ನಾಗಭೂಷಣನದು ಹರಿಹರದಲ್ಲಿ ಹಾರ್ಡ್‌ವೇರ್ ಅಂಗಡಿ, ಅಲ್ಲೇ ಸಂಸಾರ. ಅವನು ಭಾನುವಾರ ಬಂದು ನೋಡಿಕೊಂಡು ಹೋಗುತ್ತಿದ್ದ. ಶಕುಂತಲಮ್ಮನವರಿಗೆ ಮಂಡಿನೋವು. ಹಾಗಾಗಿ ಆಟೋದಲ್ಲಿ ಅಪ್ಪನನ್ನು ಮಾತಿನ ಚಿಕಿತ್ಸೆಗೆ ಕರೆದುಕೊಂಡು ಹೋಗುವ ಕೆಲಸ ಕೃತಿಕಾಳ ಪಾಲಿಗೆ ಬಂತು. ಬೆಳಗಿನ ಹೊತ್ತು ಅಂಗಡಿ ಮುಚ್ಚಿರುತ್ತಿತ್ತು.

ಚಿಕಿತ್ಸೆ ಕೊಡುತ್ತಿದ್ದ ಕೀರ್ತನಾ ಓದು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ. ಮೇಷ್ಟ್ರಿಗೆ ನಾವು ಹೇಳುವುದು ಬಹುಪಾಲು ತಿಳಿಯುತ್ತದೆ, ಹೇಳಲು ಹೋದರೆ ದಾರಿ ಸಿಗುವುದಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಇನ್ನೊಂದು ವಿಷಯವನ್ನೂ ಮೊದಲೇ ತಿಳಿಸಿದಳು. ಮಿದುಳಿಗೆ ಇಂಥ ಪೆಟ್ಟು ಬಿದ್ದವರಿಗೆ ಕಾರಣವಿಲ್ಲದೆ ಅಳು ಬರುತ್ತದೆ, ನಗು ಬರುತ್ತದೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಆಮೇಲೆ ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸ ತೋರಿಸಿದಳು. ಪದವನ್ನು ತುಂಡು ಮಾಡಿ, ತುಂಡಿಗೊಂದು ಸಲ ಅವರ ಎಡಗೈ ತಟ್ಟಬೇಕು, ಒತ್ತು ಬರುವ ಕಡೆ ಜೋರಾಗಿ ತಟ್ಟಬೇಕು. ಕನ್ನಡವಾಗಲಿ ಇಂಗ್ಲಿಷಾಗಲಿ, ಯಾವುದು ಬರುತ್ತದೋ ಅದೇ ಬರಲಿ.

ಕೃತಿಕಾ ಅಪ್ಪನ ಎಡಗೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು ಮಾಡಿ ತೋರಿಸಿದಳು. ಬ, ನಾ, ನ. ಮೊದಲನೆಯದಕ್ಕೂ ಕೊನೆಯದಕ್ಕೂ ಬೆರಳ ತುದಿ, ನಡುವಿನದಕ್ಕೆ ಗೆಣ್ಣು. ಕೀರ್ತನಾ ಬೆರಗಾಗಿ, ಅಕ್ಕ ನೀವು ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದಳು. ಮನೆಯಲ್ಲೇ ಎಂದಳು ಕೃತಿಕಾ. ವಾಮದೇವಪ್ಪನವರು ಗೋಡೆಯ ಕಡೆ ನೋಡುತ್ತಿದ್ದರು.

ದಿನವೂ ಸಂಜೆ ಅಂಗಡಿ ಮುಚ್ಚಿ ಬಂದ ಮೇಲೆ ನಡುಮನೆಯಲ್ಲಿ ಪಾಠ. ಮೊದಮೊದಲು ಅವಳಿಗೆ ಒಳಗೊಳಗೇ ಒಂದು ಕ್ರೂರ ಸಮಾಧಾನವಿತ್ತು. ಈಗ ಕಾಯುವವಳು ತಾನು, ತಡವರಿಸುವವರು ಅವರು. ಉತ್ತರ ಬರುವ ತನಕ ಕಾಫಿ ಲೋಟವನ್ನು ಮುಂದಿಡದೆ ಒಂದು ಸಂಜೆ ಹಿಡಿದುಕೊಂಡೇ ಕೂತಳು. ಅಪ್ಪನ ತುಟಿ ಅದುರುವುದು ಕಂಡಾಗ ಲೋಟ ಕೊಟ್ಟುಬಿಟ್ಟಳು. ಆ ತುಟಿ ಅವಳಿಗೆ ಪರಿಚಯದ್ದು. ತಟ್ಟೆಯ ಮುಂದೆ ಕೂತು ಪದ ಸಿಗದೆ ಅದುರಿದ್ದು ಅವಳದೇ ತುಟಿ. ಅವತ್ತಿನಿಂದ ಅವಳು ಗೆಣ್ಣಿನಿಂದ ಬಡಿಯುವುದನ್ನು ಬಿಟ್ಟು, ಒತ್ತು ಬರುವ ಕಡೆ ಅಂಗೈಯನ್ನು ಮೆತ್ತಗೆ ಅದುಮತೊಡಗಿದಳು. ಅಪ್ಪನ ಮೇಲೆ ಕರುಣೆ ಬರಬಹುದೆಂದು ಅವಳು ಅಂದುಕೊಂಡಿರಲಿಲ್ಲ. ಬಂತು.

ನೀರು, ಊಟ, ಬನಾನ, ಟುಮಾರೊ. ಅವಳು ಹೇಳಿದ್ದರ ಹಿಂದೆಯೇ ಒಂದು ತುಂಡು ಹೊರಬೀಳುತ್ತಿತ್ತು, 'ನಾ' ಎಂದೋ 'ಮಾ' ಎಂದೋ. ತಾವಾಗಿ ಒಂದು ಪದವನ್ನೂ ಅವರು ಆಡಲಿಲ್ಲ. ಪಾಠದ ಕೊನೆಗೆ ಅವಳು ತನ್ನ ಹೆಸರನ್ನು ತಟ್ಟುತ್ತಿದ್ದಳು. ಕೃ, ತಿ, ಕಾ. ಅದರಲ್ಲಿ ಎಲ್ಲಿ ಅದುಮಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಮೂರನ್ನೂ ಒಂದೇ ಸಮ ತಟ್ಟಿ ಕಾಯುತ್ತಿದ್ದಳು. ಅವರು ಸುಮ್ಮನಿರುತ್ತಿದ್ದರು. ಅವಳು ಟವೆಲಿನಿಂದ ಅವರ ಬಾಯಿ ಒರೆಸಿ ಏಳುತ್ತಿದ್ದಳು.

ಹೀಗೇ ನಾಲ್ಕು ತಿಂಗಳು ಹೋಯಿತು. ಒಂದು ಭಾನುವಾರ ಅಸದ್ ನೋಡಲು ಬಂದರು. ಹರಿಹರದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿರುವ ಅವರು ಮೇಷ್ಟ್ರ ಹಳೆಯ ಶಿಷ್ಯ. ಮೋಸಂಬಿ, ಖರ್ಜೂರ ತಂದಿದ್ದರು. ಸರ್ ಕಲಿಸದಿದ್ದರೆ ತಾನು ಕಂಪನಿಯವರ ಮುಂದೆ ಬಾಯಿ ಬಿಡುತ್ತಿರಲಿಲ್ಲ ಎಂದು ಶಕುಂತಲಮ್ಮನವರಿಗೆ ಹೇಳುತ್ತ ಮೇಷ್ಟ್ರ ಕಾಲ ಬಳಿಯೇ ಕೂತರು. ಆಮೇಲೆ, ಈಗ ಹೇಗಿದ್ದಾರೆಂದು ಕೃತಿಕಾಳನ್ನು ಕೇಳಿದರು.

"ಸ್ವಲ್ಪ ಡೆವಲಪ್‌ಮೆಂಟ್ ಐತೆ ಅಂತಾರೆ. ಆದ್ರೆ ಇನ್ನೂ..."

ಟಕ್ ಎಂದು ಸದ್ದಾಯಿತು. ವಾಮದೇವಪ್ಪನವರ ಎಡಗೈ ಗೆಣ್ಣು ಕುರ್ಚಿಯ ತೋಳಿನ ಮೇಲೆ ಬಿದ್ದಿತ್ತು. ಅವರು ಮಗಳನ್ನೇ ನೋಡುತ್ತಿದ್ದರು. ಅವಳು ಒತ್ತು ಕೊಟ್ಟಿದ್ದು ಮೊದಲ ತುಂಡಿಗೆ.

"ಡಿ-ವೆ-ಲಪ್," ಎಂದರು. ಇನ್ನೊಮ್ಮೆ ಗೆಣ್ಣು ಬಡಿದರು. "ವೆ."

ಅಸದ್ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಶಕುಂತಲಮ್ಮ ದೇವರ ಮುಂದೆ ದೀಪ ಹಚ್ಚಿ ಬಂದು ಗಂಡನ ಬಾಯಿಗೆ ಸಕ್ಕರೆ ಹಾಕಿದರು. ನಾಗಭೂಷಣ್ ಆಗತಾನೇ ಬಂದಿದ್ದ. ಫೋನಿನಲ್ಲಿ ಹೆಂಡತಿಗೆ, ಅಪ್ಪಾಜಿ ಮಾತಾಡಿದರು, ಅದೂ ಇಂಗ್ಲಿಷ್ ಮಾತಾಡಿದರು ಎಂದು ಹೇಳುತ್ತ ಅಂಗಳದಲ್ಲಿ ಓಡಾಡಿದ. ಎಲ್ಲ ನಿಮ್ಮ ಶ್ರಮ ಎಂದು ಅಸದ್ ಕೃತಿಕಾಳಿಗೆ ಕೈ ಮುಗಿದರು. ಅವಳು ಟೀ ಮಾಡುವ ನೆಪದಲ್ಲಿ ಒಳಗೆ ಹೋದಳು. ಒಲೆ ಹಚ್ಚಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು. ಅವಳ ಕೈ ತಾನಾಗಿಯೇ ನೆತ್ತಿಯ ಮೇಲೆ ಹೋಗಿತ್ತು.

ಮರುದಿನದ ಸಂಜೆ ಅವಳು ಪಾಠಕ್ಕೆ ಕೂರಲಿಲ್ಲ. ಶಕುಂತಲಮ್ಮ ಎರಡು ಸಲ ಕರೆದು, ಕೊನೆಗೆ ಕೋಣೆಗೇ ಬಂದರು.

"ಯಾಕ ಕೃತಿ, ಕಾಯಾಕತ್ತಾರಲ್ಲ ಅವರು."

"ಇನ್ಮೇಲೆ ನಾನು ಕೂಡ್ರಲ್ಲ ಅವ್ವ."

"ನಿನ್ನೆ ಅಂದಿದ್ದಕ್ಕಾ? ಅವರಿಗೆ ಬುದ್ಧಿ ಎಲ್ಲೈತೆ ಈಗ. ಏನೋ ಬಾಯಿಗೆ ಬಂತು, ಬರ್ಲಿ ಬಿಡು."

"ನಾಲ್ಕು ತಿಂಗಳು ನೀರು ಅಂತ ಬರ್ಲಿಲ್ಲ. ನನ್ನ ಹೆಸರು ಬರ್ಲಿಲ್ಲ. ಅದೊಂದು ಮಾತ್ರ ಬಂತು."

ಶಕುಂತಲಮ್ಮ ಮಂಚದ ತುದಿಯಲ್ಲಿ ಕೂತರು. ಸೌಟು ಹಿಡಿದು ನಿಂತಿರುತ್ತಿದ್ದ ಕಾಲ ಅವರಿಗೂ ನೆನಪಾಗಿತ್ತೋ ಏನೋ, ಗೊತ್ತಿಲ್ಲ. ಮಂಡಿ ಹಿಡಿದುಕೊಂಡು ಎದ್ದು ಹೋದರು. ಆ ವಿಷಯವನ್ನು ಅವರು ಮಗಳ ಮುಂದೆ ಮತ್ತೆ ಎತ್ತಲಿಲ್ಲ.

ಕೃತಿಕಾ ಅಪ್ಪನನ್ನು ಆಟೋದಲ್ಲಿ ಕರೆದೊಯ್ಯುವುದನ್ನು ನಿಲ್ಲಿಸಲಿಲ್ಲ. ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಬಟ್ಟೆ ಬದಲಿಸುವುದು ಎಲ್ಲ ನಡೆದಿತ್ತು. ಪಾಠ ಮಾತ್ರ ನಿಂತಿತು. ಮನೆಯಲ್ಲಿ ಅಭ್ಯಾಸ ಸಾಲುತ್ತಿಲ್ಲವೆಂದು ಕೀರ್ತನಾ ಕೂಡಲೇ ಕಂಡುಹಿಡಿದಳು. ಹೌದು, ಸಾಲುತ್ತಿಲ್ಲ ಎಂದಷ್ಟೇ ಕೃತಿಕಾ ಹೇಳಿದಳು. ಚೇತರಿಕೆ ಅಲ್ಲಿಗೇ ನಿಂತಿತು. ನಾಗಭೂಷಣನಿಗೆ ತಾಯಿಯಿಂದ ವಿಷಯ ತಿಳಿದು ಭಾನುವಾರ ಬಂದವನೇ ತಂಗಿಯ ಮೇಲೆ ಹರಿಹಾಯ್ದ.

"ಹೆತ್ತ ಅಪ್ಪನ ಮೇಲೆ ಹಗೆ ಸಾಧಿಸ್ತೀಯೇನೇ? ನೀನು ಬಿಟ್ಟಿದ್ದಕ್ಕೇ ಅವರು ಹಿಂಗಾಗಿರೋದು."

ಹಾಗಾದರೆ ನೀನು ಕೂತು ಕಲಿಸು ಅಣ್ಣ, ನಿನಗೆ ಎಲ್ಲ ಬರುತ್ತಲ್ಲ ಎಂದಳು ಕೃತಿಕಾ. ಅವನು ಕೂತ. ಅಪ್ಪನ ಕೈ ತಟ್ಟುತ್ತ ಅರ್ಧ ಗಂಟೆಯಲ್ಲಿ ನಾಲ್ಕು ಸಲ ಫೋನ್ ನೋಡಿದ. ಮುಂದಿನ ಭಾನುವಾರವೂ ಕೂತ. ಅದರ ಮುಂದಿನ ಭಾನುವಾರ ಅಂಗಡಿಗೆ ಲೋಡು ಬರುವುದಿದೆ ಎಂದು ಊಟ ಮಾಡಿ ಹೊರಟ. ನೆಂಟರಿಷ್ಟರ ನಡುವೆ ಮಾತ್ರ, ಮಗಳು ಮನಸ್ಸು ಮಾಡಿದ್ದರೆ ಮೇಷ್ಟ್ರು ಮಾತಾಡುತ್ತಿದ್ದರು ಎಂಬ ಮಾತು ಉಳಿದುಹೋಯಿತು. ಕೋರ್ಟಿನ ಎದುರಿನ ಬೆಂಚಿನವರೆಗೂ ಅದು ಬಂತು. ಒಬ್ಬ ವಕೀಲರು ಅಫಿಡವಿಟ್ಟು ಹೇಳಿ ಬರೆಸುತ್ತಿದ್ದವರು ನಡುವೆ ನಿಲ್ಲಿಸಿ, ಅಂಥ ಗುರುಗಳ ಸೇವೆ ಪುಣ್ಯದ ಕೆಲಸ ಅಲ್ಲವಾ ಎಂದರು. ಅವಳು ಕೀಲಿಮಣೆಯ ಮೇಲಿನ ಬೆರಳು ತೆಗೆಯದೆ, ಮುಂದಕ್ಕೆ ಹೇಳಿ ಸರ್ ಎಂದಳು.

ಮರುವರ್ಷ ಶ್ರಾವಣದಲ್ಲಿ ಕೋರ್ಟಿಗೆ ರಜೆಯಿದ್ದ ಒಂದು ಮಧ್ಯಾಹ್ನ. ಶಕುಂತಲಮ್ಮ ಪಕ್ಕದ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದರು. ಕೃತಿಕಾ ಜಗಲಿಯಲ್ಲಿ ಅಪ್ಪನ ಉಗುರು ತೆಗೆಯುತ್ತಿದ್ದಳು. ಎಡಗೈ ಮುಗಿಸಿ, ಸ್ವಾಧೀನವಿಲ್ಲದ ಬಲಗೈಯನ್ನು ಮಡಿಲಿಗೆ ಎಳೆದುಕೊಂಡಳು. ತನ್ನ ತಲೆಯ ಮೇಲೆ ಬೀಳುತ್ತಿದ್ದ ಕೈ ಇದೇ. ಈಗ ಅದು ಎತ್ತಿಟ್ಟಲ್ಲಿ ಬಿದ್ದಿರುತ್ತದೆ. ಹೇಳಬೇಕೆಂದು ಅವಳೇನೂ ಮೊದಲೇ ನಿರ್ಧರಿಸಿರಲಿಲ್ಲ. ಮಾತು ತಾನಾಗಿ ಹೊರಟಿತು.

ಊಟದ ತಟ್ಟೆಯ ಮುಂದೆ ಕೂತಾಗ ತನಗೆ ಹಸಿವೇ ಆಗದಂತಾಗುತ್ತಿತ್ತು ಎಂದಳು. ಹರಿಹರದ ಸಭೆಯಲ್ಲಿ ನಕ್ಕವರ ಮುಖಗಳು ಇನ್ನೂ ಕಣ್ಣ ಮುಂದೆ ಬರುತ್ತವೆ ಎಂದಳು. ಪಿಯುಸಿ ಪತ್ರಿಕೆಯಲ್ಲಿ ತನಗೆ ಎಲ್ಲ ಉತ್ತರವೂ ಗೊತ್ತಿತ್ತು, ಬರೆದರೆ ನೀವು ಗೆದ್ದಂತಾಗುತ್ತದೆ ಎಂದು ಬರೆಯಲಿಲ್ಲ ಎಂಬುದನ್ನೂ ಹೇಳಿದಳು. ಅದನ್ನು ಅವಳು ಅಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ. ಸಿಟ್ಟಿನಿಂದ ಹೇಳಲಿಲ್ಲ. ಒಂದೊಂದೇ ಉಗುರು ತೆಗೆಯುತ್ತ, ಕತ್ತರಿಸಿದ್ದನ್ನು ಕಾಗದದ ಮೇಲೆ ಹಾಕುತ್ತ ಹೇಳಿದಳು. ಕೊನೆಯಲ್ಲಿ ಮಾತ್ರ ಮುಖ ಎತ್ತಿ ನೋಡಿದಳು.

"ನಿಮ್ಮನ್ನು ನೋಡಿ ನಕ್ಕಿದ್ದು ಕಾಲೇಜಿನ ಹುಡುಗ್ರು, ಅಪ್ಪಾಜಿ. ನನ್ನನ್ನು ನೋಡಿ ಜನ ನಗೋ ಹಾಗೆ ಮಾಡಿದ್ದು ನೀವು."

ವಾಮದೇವಪ್ಪನವರ ಕಣ್ಣಿಂದ ನೀರಿಳಿಯುತ್ತಿತ್ತು. ಗಲ್ಲದ ಮೇಲೆ ಹರಿದು ಗದ್ದದಿಂದ ಅಂಗಿಯ ಮೇಲೆ ಬೀಳುತ್ತಿತ್ತು. ಅವಳ ಮನಸ್ಸು ಒಮ್ಮೆಲೇ ಕರಗಿತು. ಬೆನ್ನಿಗೇ ಕೀರ್ತನಾ ಹೇಳಿದ್ದು ನೆನಪಾಯಿತು. ಆ ಅಳುವಿಗೆ ಕಾರಣವಿರಲೇಬೇಕೆಂದಿಲ್ಲ. ಹಿಂದಿನ ದಿನ ಟಿವಿಯಲ್ಲಿ ಅಡುಗೆ ಎಣ್ಣೆಯ ಜಾಹೀರಾತು ನೋಡುವಾಗಲೂ ಅವರು ಹೀಗೇ ಅತ್ತಿದ್ದರು.

ಅವರ ತುಟಿ ಅಲ್ಲಾಡಿತು. ಅವಳು ಹತ್ತಿರಕ್ಕೆ ಬಾಗಿದಳು.

"ಸಾ," ಎಂದರು. ಸ್ವಲ್ಪ ತಡೆದು ಮತ್ತೆ, "ಸಾ."

ಅವಳು ಕಾದಳು. ಇಂಗ್ಲಿಷಿನಲ್ಲಿ 'ಸಾರಿ' ಎನ್ನಲು ಹೊರಟಿದ್ದರೋ, ಕನ್ನಡದಲ್ಲಿ 'ಸಾಕು' ಎನ್ನಲು ಹೊರಟಿದ್ದರೋ ತಿಳಿಯಬೇಕಾದರೆ ಇನ್ನೊಂದು ತುಂಡು ಬೇಕಿತ್ತು. ಎರಡಕ್ಕೂ ಮೊದಲ ತುಂಡು ಒಂದೇ. ಅವಳು ಅವರ ಎಡಗೈಯನ್ನು ಅಂಗೈ ಮೇಲೆ ಇಟ್ಟುಕೊಂಡು, ಮೊದಲ ತುಂಡಿಗೊಮ್ಮೆ ಅದುಮಿ, ಎರಡನೆಯದಕ್ಕೆ ಮೆಲ್ಲಗೆ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಅವರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ಗೇಟು ಸದ್ದಾಗಿ ಶಕುಂತಲಮ್ಮ ಒಳಗೆ ಬಂದರು. ಕೃತಿಕಾ ಉಗುರಿನ ಕಾಗದ ಮಡಚಿಕೊಂಡು ಎದ್ದಳು.

ಆಮೇಲೆ ಎಷ್ಟೋ ದಿನ ಅವಳು ಆ ಎರಡನೆಯ ತುಂಡಿಗಾಗಿ ಕಾದಳು. ಊಟ ಕೊಡುವಾಗ, ಹಾಸಿಗೆ ಬದಲಿಸುವಾಗ, ಆಟೋದಲ್ಲಿ ಪಕ್ಕದಲ್ಲಿ ಕೂತಾಗ ಅವರ ಬಾಯಿಯನ್ನೇ ನೋಡುತ್ತಿದ್ದಳು. ಒಂದು ದಿನ ಅಂಗಡಿಯಲ್ಲಿ ಟೈಪ್ ಮಾಡುತ್ತಿರುವಾಗ, ಇಷ್ಟು ವಯಸ್ಸಾದ ಮೇಲೂ ತಾನು ಆ ಬಾಯಿಂದ ಏನು ಬರುತ್ತದೋ ಎಂದು ಹೆದರಿಕೊಂಡೇ ಬದುಕುತ್ತಿದ್ದೇನೆ ಎಂದು ಅನ್ನಿಸಿತು. ಆ ವಾರವೇ ವಿನೋಬನಗರದಲ್ಲಿ ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಹಿಡಿದಳು. ಅಪ್ಪನನ್ನು ನೋಡಿಕೊಳ್ಳಲು ಉಚ್ಚೆಂಗೆಮ್ಮ ಎಂಬ ಹೆಂಗಸನ್ನು ಗೊತ್ತುಮಾಡಿದಳು. ಶಕುಂತಲಮ್ಮ ಅತ್ತರು. ನಾಗಭೂಷಣ್ ಫೋನಿನಲ್ಲಿ ಆಡಬಾರದ್ದೆಲ್ಲ ಆಡಿ, ಸಂಬಂಧ ಮುಗಿಯಿತು ಎಂದ. ಅವಳು ಎರಡು ಸೂಟ್‌ಕೇಸು, ಒಂದು ಗ್ಯಾಸ್ ಒಲೆ ಹೊತ್ತುಕೊಂಡು ಆಟೋ ಹತ್ತಿದಳು. ವಾಮದೇವಪ್ಪನವರು ಜಗಲಿಯ ಕುರ್ಚಿಯಲ್ಲಿ ಕೂತು ನೋಡಿದರು. ಅವರ ಮುಖದಲ್ಲಿ ಅವಳಿಗೆ ಏನೂ ಗೊತ್ತಾಗಲಿಲ್ಲ.

ಈಗ ಅವಳು ವಾರಕ್ಕೊಮ್ಮೆ ಮಾತ್ರೆ, ಹಣ್ಣು ತೆಗೆದುಕೊಂಡು ಸರಸ್ವತಿ ನಗರಕ್ಕೆ ಹೋಗುತ್ತಾಳೆ. ಹೋದ ತಿಂಗಳು ಹಾಗೆ ಹೋದಾಗ ಗೇಟು ತೆರೆದೇ ಇತ್ತು. ಒಳಗಿನಿಂದ ಮಾತು ಕೇಳಿಸಿತು. ಉಚ್ಚೆಂಗೆಮ್ಮ ನೆಲ ಒರೆಸುತ್ತ ತನ್ನ ಮೊಮ್ಮಗಳ ನಾಮಕರಣದ ಸುದ್ದಿ ಹೇಳುತ್ತಿದ್ದಳು. ಹೆಸರು ಏನಿಟ್ರಿ ಎಂದು ಯಾರೋ ಕೇಳಿದರು. ಧ್ವನಿ ತಡವರಿಸುತ್ತಿತ್ತು, ಆದರೆ ಪದ ಒಂದೂ ಬಿಟ್ಟುಹೋಗಿರಲಿಲ್ಲ. ಆ ಧ್ವನಿ ಅಪ್ಪನದೆಂದು ಗೊತ್ತಾಗಲು ಕೃತಿಕಾಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಉಚ್ಚೆಂಗೆಮ್ಮ ಹೆಸರು ಹೇಳಿದಳು, ಅವರು ಚಲೋ ಐತೆ ಎಂದರು. ಕೃತಿಕಾ ಬಾಗಿಲ ಹೊರಗೆ ಚಪ್ಪಲಿ ಬಿಡದೆ ನಿಂತಳು. ಇನ್ನೊಂದು ಮಾತು ಬಂತು, ಅದಕ್ಕೆ ಉಚ್ಚೆಂಗೆಮ್ಮ ನಕ್ಕಳು, ಅವರೂ ನಕ್ಕರು.

ಅವಳು ಒಳಗೆ ಕಾಲಿಟ್ಟ ಕೂಡಲೇ ವಾಮದೇವಪ್ಪನವರು ಸುಮ್ಮನಾದರು. ಬಾಯಿ ಮುಚ್ಚಿ, ನೆಟ್ಟಗೆ ಕೂತರು. ಎಡಗೈ ಕುರ್ಚಿಯ ತೋಳಿನ ಮೇಲೆ ಅಲ್ಲಾಡದೆ ಇತ್ತು. ದಿನಾ ಹಿಂಗೇ ಏನಾರ ಒಂದು ಮಾತಾಡ್ತಾರೆ ಕಣಮ್ಮ ಎಂದು ಉಚ್ಚೆಂಗೆಮ್ಮ ಸಂತೋಷದಿಂದ ಹೇಳಿದಳು. ಒಳ್ಳೆಯದಾಯಿತು ಎಂದಳು ಕೃತಿಕಾ. ಮಾತ್ರೆಗಳನ್ನು ಬೆಳಗಿನದು, ರಾತ್ರಿಯದು ಎಂದು ಬೇರೆ ಬೇರೆ ಮಾಡಿ ಡಬ್ಬಿಗೆ ಹಾಕಿಟ್ಟಳು. ಹೇಗಿದ್ದೀರಿ ಅಪ್ಪಾಜಿ ಎಂದು ಕೇಳಿದಳು. ಅವರು ತಲೆಯಾಡಿಸಿದರು. ಉಂಡು ಹೋಗು ಎಂದು ಶಕುಂತಲಮ್ಮ ತಟ್ಟೆ ಹಾಕಿದರು. ಅವಳು ಅಡುಗೆಮನೆಯಲ್ಲೇ ಗೋಡೆಗೆ ಒರಗಿ ಕೂತು ಉಂಡು, ಕೈ ತೊಳೆದುಕೊಂಡು, ವಿನೋಬನಗರಕ್ಕೆ ಆಟೋ ಹಿಡಿದಳು.